ಬಂದರಿನ ಊರಲ್ಲಿ ಎಲ್ಲಿ ಉಣ್ಣೋದು?

ಪ್ರಶ್ನೆ: ನಾವು ಬೆಂಗಳೂರಿನ ರಾಜಾಜಿನಗರದವರು. ದಸರಾ ರಜೆಯಲ್ಲಿ ಮೂರು ದಿನ ಕುಂದಾಪುರದಲ್ಲಿದ್ದು ಗಂಗೊಳ್ಳಿ, ಮರವಂತೆ ಕಡೆ ಸುತ್ತಾಡುವ ಯೋಚನೆ ಇದೆ. ನಾನು, ನಮ್ಮ ಯಜಮಾನರು, ಎಂಟು ವರ್ಷದ ಮಗ ಮೀನು ತಿನ್ನುತ್ತೇವೆ. ಅತ್ತೆ ಹತ್ತು ವರ್ಷದಿಂದ ಮೊಟ್ಟೆಯನ್ನೂ ಬಿಟ್ಟಿದ್ದಾರೆ. ಹೋದ ವರ್ಷ ಕರಾವಳಿಯ ಇನ್ನೊಂದು ಸಣ್ಣ ಊರಿನಲ್ಲಿ, ಫೋನಿನಲ್ಲಿ ನಾಲ್ಕೂವರೆ ಸ್ಟಾರ್ ನೋಡಿ ರಾತ್ರಿ ಊಟಕ್ಕೆ ಹೋದೆವು. ಮುಕ್ಕಾಲು ಗಂಟೆ ಕಾದು, ಹತ್ತಿರ ಹತ್ತಿರ ನಾಲ್ಕು ಸಾವಿರ ಕೊಟ್ಟು, ರಬ್ಬರಿನಂಥ ಬೊಂಡಾಸ್ (ಸ್ಕ್ವಿಡ್), ಹಿಟ್ಟು ಹಿಟ್ಟಾದ ಪಾಂಪ್ಲೆಟ್ ಮೀನು ತಿಂದು ಬಂದೆವು. ಬಂದರು ಅಲ್ಲಿಂದ ಒಂದೇ ಕಿಲೋಮೀಟರ್! ಈ ಸಲ ಹೋಟೆಲ್ ಆರಿಸೋದು ಹೇಗೆ?

ಉತ್ತರ: ಬಂದರು ಒಂದೇ ಕಿಲೋಮೀಟರ್ ಅಂದಿರಲ್ಲ, ನೀವು ಎಡವಿದ್ದು ಅಲ್ಲೇ. ಬಂದರು ಪಕ್ಕದಲ್ಲಿದೆ ಅಂದ ಮಾತ್ರಕ್ಕೆ ಅಲ್ಲಿ ಇಳಿದ ಮೀನು ನಿಮ್ಮ ತಟ್ಟೆಗೆ ಬರುತ್ತದೆ ಅಂತೇನಿಲ್ಲ.

ನಾನು ಹುಟ್ಟಿದ್ದು ಕುಂದಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ದುಡಿದದ್ದು ಬೆಂಗಳೂರಿನಲ್ಲಿ, ಇಪ್ಪತ್ತು ವರ್ಷಕ್ಕೂ ಜಾಸ್ತಿ, ಹೋಟೆಲುಗಳಿಗೆ ಮೀನು ಖರೀದಿ ಮಾಡಿಕೊಡುವ ಕೆಲಸ. ಬೆಳಗಿನ ಜಾವ ನಾಲ್ಕಕ್ಕೆಲ್ಲ ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರ ಕರಾವಳಿಯ ಗಾಡಿ ಕಾಯುತ್ತಾ ನಿಂತಿರುತ್ತಿದ್ದೆ. ಥರ್ಮೋಕೋಲ್ ಪೆಟ್ಟಿಗೆ ಬಿಚ್ಚಿದರೆ ಮೇಲೆ ಐಸ್, ಕೆಳಗೆ ತೋಳಿನಷ್ಟು ಉದ್ದದ ಅಂಜಲ್ ಮೀನು. ಹಿಂದಿನ ದಿನ ಗಂಗೊಳ್ಳಿಯಲ್ಲೋ ಮಲ್ಪೆಯಲ್ಲೋ ಹರಾಜಾದದ್ದು. ನೀವು ಘಾಟಿ ಇಳಿಯುವ ರಾತ್ರಿ, ಯಾವ ಅಂಜಲ್ ತಿನ್ನಬೇಕು ಅಂತ ಹೊರಟಿದ್ದೀರೋ ಅದು ಘಾಟಿ ಹತ್ತುತ್ತಾ ಇರುತ್ತದೆ.

ದೊಡ್ಡ ಅಂಜಲ್, ಅಂಗೈಗಿಂತ ಅಗಲದ ಪಾಂಪ್ಲೆಟ್, ದಪ್ಪ ಸಿಗಡಿ, ಇವಕ್ಕೆಲ್ಲ ಹೊರಗಡೆ ಒಳ್ಳೆ ರೇಟು. ಬೆಂಗಳೂರಿಗೆ, ಗೋವಾಕ್ಕೆ, ಕೇರಳಕ್ಕೆ, ಒಂದಷ್ಟು ವಿದೇಶಕ್ಕೂ ಹೋಗುತ್ತವೆ. ಊರಿನ ಸಣ್ಣ ಹೋಟೆಲಿನವನು ಆ ರೇಟಿಗೆ ಕೊಂಡರೆ ಅವನ ಗಿರಾಕಿಗೆ ಅದು ಗಿಟ್ಟೋದಿಲ್ಲ. ಪ್ರವಾಸಿಗರನ್ನೇ ನಂಬಿದ ಹೋಟೆಲಿನವನು ಕೊಳ್ಳುತ್ತಾನೆ, ಆದರೆ ಒಟ್ಟಿಗೆ ಕೊಂಡು ಫ್ರೀಜರಿಗೆ ಹಾಕುತ್ತಾನೆ. ಮೆನು ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದು ವರ್ಷವಿಡೀ ಸಿಗಬೇಕಲ್ಲ! ನೀವು ಹೋದ ವರ್ಷ ತಿಂದದ್ದು ಅದೇ ಇರಬೇಕು. ಫ್ರೀಜರಿನಿಂದ ತೆಗೆದು, ಕರಗಿಸಿ, ಉಳಿದದ್ದನ್ನು ಮತ್ತೆ ಒಳಗಿಟ್ಟ ಮೀನು ಹಿಟ್ಟು ಹಿಟ್ಟೇ ಆಗುತ್ತದೆ. ಬೊಂಡಾಸ್ ಕತೆ ಬೇರೆ. ಅದು ತಾಜಾ ಇದ್ದರೂ ಬಾಣಲೆಯಲ್ಲಿ ಎರಡು ನಿಮಿಷ ಜಾಸ್ತಿ ಬಿಟ್ಟರೆ ರಬ್ಬರ್. ಅದಕ್ಕೆ ಅಡುಗೆಯವನ ಕೈಯೇ ಹೊಣೆ.

ಹಾಗಾದರೆ ಊರಲ್ಲಿ ಹೆಚ್ಚಾಗಿ ಉಳಿಯುವ ಮೀನು ಯಾವುದು? ಬೂತಾಯಿ. ನಂಗ್. ಕೊಡ್ಡಾಯಿ. ಸಣ್ಣ ಸಿಗಡಿ, ಬೊಳೆಂಜಿರ್. ಹೊಳೆ ಬಾಯಿಯಲ್ಲಿ ಹೆಕ್ಕಿದ ಮರುವಾಯಿ, ಅಂದರೆ ಚಿಪ್ಪಿನೊಳಗಿನ ಮಾಂಸ. ಬಂಗುಡೆ ಗಾಡಿ ಹತ್ತುವುದು ನಿಜ, ಆದರೆ ಅದು ಎಣ್ಣೆಯ ಮೀನು, ಒಂದೊಂದು ದಿನ ಕಳೆದಂತೆ ರುಚಿ ಇಳಿಯುತ್ತಾ ಹೋಗುತ್ತದೆ. ಬೆಂಗಳೂರಿನಲ್ಲಿ ನೀವು ತಿಂದ ಬಂಗುಡೆಗೂ ದಕ್ಕೆಯಿಂದ (ಬೋಟು ಬಂದು ನಿಲ್ಲುವ ಕಟ್ಟೆ) ಅದೇ ಬೆಳಗ್ಗೆ ಬಂದ ಬಂಗುಡೆಗೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಅಂಜಲ್ ವಿಷಯದಲ್ಲಿ ಅಷ್ಟು ವ್ಯತ್ಯಾಸ ಗೊತ್ತಾಗೋದಿಲ್ಲ. ಆದ್ದರಿಂದ ನನ್ನ ಮೊದಲ ಸಲಹೆ: ಬೆಂಗಳೂರಿನಲ್ಲಿ ಚೆನ್ನಾಗಿ ಸಿಗುವ ಮೀನನ್ನು ಅಲ್ಲಿ ಹೋಗಿ ಹುಡುಕಬೇಡಿ. ಗಾಡಿ ಹತ್ತದ ಮೀನು ಯಾವ ಹೋಟೆಲಿನಲ್ಲಿ ಬೇಯುತ್ತದೆ ಅಂತ ಹುಡುಕಿ.

ಆ ಹೋಟೆಲನ್ನು ಕಂಡುಹಿಡಿಯೋದಕ್ಕೆ ನಾನು ಮಾಡುವ ಒಂದು ಉಪಾಯ ಹೇಳುತ್ತೇನೆ. ಸ್ವಲ್ಪ ಬೇಗ ಏಳಬೇಕಾಗುತ್ತದೆ.

ನೀವು ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಹೋದರೆ ರಾತ್ರಿ ಹತ್ತಿ ಬೆಳಗ್ಗೆ ಕುಂದಾಪುರದಲ್ಲಿ ಇಳಿಯುತ್ತೀರಿ. ಆ ರೈಲಿಗೆ ಹೆಸರು ಬಂದದ್ದೇ ಅಲ್ಲಿನ ಪಂಚಗಂಗಾವಳಿಯಿಂದ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಅಂತ ಐದು ಹೊಳೆ ಸೇರಿ ಕಡಲಿಗೆ ಬೀಳುವ ಜಾಗ. ಆಚೆ ದಡದಲ್ಲಿ ಕಣ್ಣಿಗೆ ಕಾಣುವುದೇ ಗಂಗೊಳ್ಳಿ ಬಂದರು. ಕಾಣುತ್ತದೆ ಅಷ್ಟೇ, ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ ಸುತ್ತಿಕೊಂಡು ಹೋಗಬೇಕು. ಒಂದು ಬೆಳಗ್ಗೆ ಅಲ್ಲಿಗೆ ಹೋಗಿ. ಮಗನಿಗೆ ಹಳೆ ಚಪ್ಪಲಿ ಹಾಕಿಸಿ, ನೆಲವೆಲ್ಲ ಮೀನಿನ ನೀರು.

ದಕ್ಕೆಯಲ್ಲಿ ಮೊದಲು ಕೇಳಿಸುವುದು ಐಸ್ ಪುಡಿ ಮಾಡುವ ಯಂತ್ರದ ಸದ್ದು. ಬೋಟಿನಿಂದ ಬುಟ್ಟಿ ಇಳಿಯುತ್ತಿರುತ್ತದೆ. ಬುಟ್ಟಿಯ ಸುತ್ತ ಜನ, ನಡುವೆ ರೇಟು ಕೂಗುವವನು. ಅವನು ಏನು ಹೇಳಿದ ಅಂತ ನಮಗೆ ಅರ್ಥವಾಗುವಷ್ಟರಲ್ಲಿ ಮೀನು ಮಾರಾಟವಾಗಿ ಹೋಗಿರುತ್ತದೆ. ಸೀರೆ ಮೇಲೆತ್ತಿ ಕಟ್ಟಿದ ಹೆಂಗಸರು ಎರಡು ಬುಟ್ಟಿಯನ್ನು ನಾಲ್ಕು ಪಾಲು ಮಾಡಿ ಹೊತ್ತು ಬಸ್ಸಿಗೆ ಓಡುತ್ತಾರೆ. ನೀವು ನೋಡಬೇಕಾದದ್ದು ಇವರ್ಯಾರನ್ನೂ ಅಲ್ಲ. ಒಂದು ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿ, ಕಾಲಿನ ನಡುವೆ ಪ್ಲಾಸ್ಟಿಕ್ ಕ್ರೇಟ್ ಇಟ್ಟುಕೊಂಡ ಒಬ್ಬ ಸಿಗುತ್ತಾನೆ. ಐದಾರು ಕೆಜಿ ಬಂಗುಡೆ, ಒಂದು ಚೀಲ ನಂಗ್, ಗಸಿಗೆ (ದಪ್ಪ ಸಾರಿಗೆ) ಅಂತ ಒಂದಿಷ್ಟು ಸಣ್ಣ ಮೀನು. ಮನೆಗಾದರೆ ಇದು ಜಾಸ್ತಿ, ವ್ಯಾಪಾರಕ್ಕಾದರೆ ಕಡಿಮೆ. ಅವನು ಹೋಟೆಲಿನವನು. "ಅಣ್ಣಾ, ಇದು ಯಾವ ಹೋಟೆಲಿಗೆ?" ಅಂತ ಕೇಳಿ. "ನಮ್ದೇ ಹೋಟ್ಲ್ ಮಾರಾಯ್ರೆ, ಮಧ್ಯಾಹ್ನ ಬನ್ನಿ" ಅಂದನೋ, ನಿಮ್ಮ ಕೆಲಸ ಮುಗಿಯಿತು. ಮೀನನ್ನೂ ನೋಡಿಯಾಯಿತು, ಹೋಟೆಲೂ ಸಿಕ್ಕಿತು.

ಇಲ್ಲಿ ಒಂದು ವಿಷಯ ಗೊತ್ತಿರಲಿ. ದಕ್ಕೆಗೆ ಬರುವ ಮೀನೆಲ್ಲ ಅವತ್ತು ಹಿಡಿದದ್ದಲ್ಲ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ಹತ್ತು ದಿನದ ಆಸುಪಾಸು ಕಡಲಲ್ಲೇ ಇರುತ್ತವೆ, ಐಸ್ ತುಂಬಿಕೊಂಡೇ ಹೋಗಿರುತ್ತವೆ. ಮೊದಲ ದಿನ ಹಿಡಿದದ್ದು ಐಸಿನ ಅಡಿಯಲ್ಲಿ, ಕೊನೆಯ ದಿನದ್ದು ಮೇಲೆ. ಸುತ್ತುಬಲೆ ಹಾಕುವ ಪರ್ಸೀನ್ ಬೋಟು, ನಾಡದೋಣಿಗಳು ಸಾಮಾನ್ಯವಾಗಿ ಹೋದ ದಿನವೇ ವಾಪಸ್ ಬರುತ್ತವೆ. ಬಂಗುಡೆ, ಬೂತಾಯಿ ಹೆಚ್ಚಾಗಿ ಸಿಗುವುದು ಇವುಗಳಲ್ಲೇ. ಇಂಥ ಮೀನನ್ನೇ ತಿನ್ನಿ ಅಂತ ನಾನು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ಐಸಿನ ಮೀನು ಕೆಟ್ಟದ್ದು ಅಂತಲ್ಲ. ಚೆನ್ನಾಗಿ ಐಸ್ ಹಾಕಿಟ್ಟ ಮೀನು ಬಿಸಿಲಲ್ಲಿ ಮೂರು ಗಂಟೆ ಕೂತ "ತಾಜಾ" ಮೀನಿಗಿಂತ ಎಷ್ಟೋ ವಾಸಿ.

ಬೆಳಗ್ಗೆ ಏಳೋಕಾಗಲ್ಲ ಅಂದರೆ? ರಜೆ ತಾನೇ, ನಾನೇನೂ ಬೈಯೋದಿಲ್ಲ. ಊರಿನವರನ್ನು ಕೇಳಬೇಕು. ಆದರೆ "ಇಲ್ಲಿ ಒಳ್ಳೆ ಹೋಟೆಲ್ ಯಾವುದು?" ಅಂತ ಕೇಳಿದರೆ ನಮ್ಮ ಕಡೆಯವರು ದೊಡ್ಡ ಹೋಟೆಲಿಗೇ ಕಳಿಸುತ್ತಾರೆ. ಮೋಸಕ್ಕಲ್ಲ, ಸಂಕೋಚಕ್ಕೆ. ಬೆಂಗಳೂರಿನಿಂದ ಬಂದವರು, ಎಸಿ ಇಲ್ಲದ ಕಡೆ ಕಳಿಸಿದರೆ ಏನಂದುಕೊಳ್ಳುತ್ತಾರೋ ಅಂತ. ರಿಕ್ಷಾದವರನ್ನು, ಬ್ಯಾಂಕಿನ ಜವಾನರನ್ನು, ಮೆಡಿಕಲ್ ಶಾಪಿನ ಹುಡುಗನನ್ನು "ನೀವು ನಿನ್ನೆ ಮಧ್ಯಾಹ್ನ ಎಲ್ಲಿ ಉಂಡಿರಿ?" ಅಂತ ಕೇಳಿ. ಆಗ ಬರುವ ಹೆಸರೇ ಬೇರೆ. ಕೆಲವು ಸಲ ಆ ಹೋಟೆಲಿಗೆ ಬೋರ್ಡೂ ಇರೋದಿಲ್ಲ. "ಪೋಸ್ಟಾಫೀಸ್ ಹಿಂದೆ, ಮೆಟ್ಟಿಲು ಇಳಿದು" ಅಂತ ದಾರಿ ಹೇಳುತ್ತಾರೆ.

ಫೋನಿನ ಸ್ಟಾರ್ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ನಾನೂ ನೋಡುತ್ತೇನೆ. ಅಲ್ಲಿ ಸ್ಟಾರ್ ಕೊಡುವವರು ಅದೇ ಏರಿಯಾದವರು, ತಿಂಗಳಿಗೆ ನಾಲ್ಕು ಸಲ ಹೋಗುವವರು. ಸಣ್ಣ ಬಂದರಿನ ಊರಲ್ಲಿ ಬರೆಯುವವರು ಹೆಚ್ಚಿನವರು ಪ್ರವಾಸಿಗರು. ಜೀವನದಲ್ಲಿ ಒಂದು ಸಲ ಹೋಗಿರುತ್ತಾರೆ, ಕಡಲು ನೋಡಿದ ಖುಷಿಯಲ್ಲಿರುತ್ತಾರೆ, ಪಾರ್ಕಿಂಗ್ ಚೆನ್ನಾಗಿತ್ತು ಅಂತ ಐದು ಸ್ಟಾರ್ ಕೊಡುತ್ತಾರೆ. ಬೋಟಿನಲ್ಲಿ ದುಡಿದು ಬಂದು ದಿನಾ ಊಟ ಮಾಡುವವನು ಸ್ಟಾರ್ ಕೊಡೋದಿಲ್ಲ. ಮೀನು ಹಳಸಿದ್ದರೆ ನಾಳೆಯಿಂದ ಪಕ್ಕದ ಹೋಟೆಲಿಗೆ ಹೋಗುತ್ತಾನೆ, ಅಷ್ಟೇ. ಅವನಿಗೆ ಹೆದರುವ ಹೋಟೆಲ್ ನಿಮಗೆ ಬೇಕು. ಫೋನ್ ನೋಡಲೇಬೇಕು ಅಂದರೆ ಸ್ಟಾರ್ ಬಿಟ್ಟು ಜನ ಹಾಕಿದ ಫೋಟೋ ನೋಡಿ. ಮಧ್ಯಾಹ್ನದ ಬೆಳಕಿನಲ್ಲಿ ತೆಗೆದ ಊಟದ ತಟ್ಟೆಗಳ ಫೋಟೋ ಜಾಸ್ತಿ ಇದ್ದರೆ ಒಳ್ಳೆಯದು. ಬಣ್ಣದ ಲೈಟು, ಮೀನಿನ ಗೊಂಬೆ, ಸೆಲ್ಫಿ ಗೋಡೆಗಳೇ ತುಂಬಿದ್ದರೆ ಮುಂದೆ ಹೋಗಿ.

ಹೊತ್ತು ಇನ್ನೂ ಮುಖ್ಯ. ಹೋದ ವರ್ಷ ನೀವು ರಾತ್ರಿ ಹೋದಿರಿ. ಮೀನೂಟದ ಹೋಟೆಲಿಗೆ ಮಧ್ಯಾಹ್ನವೇ ಹಬ್ಬ. ಬೆಳಗ್ಗೆ ತಂದ ಮೀನು ಹನ್ನೆರಡೂವರೆಗೆ ಒಲೆಯ ಮೇಲೆ, ಎರಡೂವರೆಗೆ ಪಾತ್ರೆ ಖಾಲಿ. ಹನ್ನೆರಡೂ ಮುಕ್ಕಾಲಿನಿಂದ ಒಂದೂವರೆಯೊಳಗೆ ಹೋಗಿ ಕೂತುಬಿಡಿ. ಮೂರು ಗಂಟೆಗೆ ಹೋದಾಗಲೂ ಎಲ್ಲ ಬಗೆಯ ಮೀನು "ಉಂಟು" ಅಂದರೆ ನನಗಂತೂ ಅನುಮಾನ.

ಒಳಗೆ ಕೂತ ಮೇಲೆ ಮೆನು ಕಾರ್ಡ್ ಮುಟ್ಟಬೇಡಿ. "ಇವತ್ತು ಎಂತ ಮೀನುಂಟು?" ಅಂತ ಕೇಳಿ. ಸಪ್ಲೈಯರ್ ಹದಿನಾಲ್ಕು ಮೀನಿನ ಹೆಸರನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರೆ ಅದು ಫ್ರೀಜರಿನ ಪಟ್ಟಿ. "ಬಂಗುಡೆ ಉಂಟು, ನಂಗ್ ಉಂಟು, ಕಾಣೆ ಮೀನು ಇವತ್ತು ಬರ್ಲಿಲ್ಲ" ಅಂದರೆ ಆರಾಮಾಗಿ ಕೂತುಕೊಳ್ಳಿ. ಇಲ್ಲ ಅನ್ನೋ ಹೋಟೆಲಿನ ಮೇಲೆ ನನಗೆ ನಂಬಿಕೆ ಜಾಸ್ತಿ.

ಆಮೇಲೆ "ಬೆಳ್ತಿಗೆಯಾ, ಕುಚ್ಚಲಾ?" ಅಂತ ಕೇಳುತ್ತಾನೆ. ಬೆಳ್ತಿಗೆ ಅಂದರೆ ನಾವು ದಿನಾ ತಿನ್ನುವ ಬಿಳಿ ಅನ್ನ. ಒಂದು ದಿನವಾದರೂ ಕುಚ್ಚಲಕ್ಕಿ ಹೇಳಿ. ದಪ್ಪ ದಪ್ಪ ಕಾಳು, ಮೀನಿನ ಸಾರು ಹೀರಿಕೊಂಡರೂ ಮುದ್ದೆಯಾಗೋದಿಲ್ಲ. ಊಟದ ಜೊತೆಗೇ ಒಂದು ಪಲ್ಯ, ಉಪ್ಪಿನಕಾಯಿ, ಗಸಿ ಬರುತ್ತದೆ. ಫ್ರೈ ಬೇರೆ ಹೇಳಬೇಕು. ಮೊದಲು ಇಡೀ ಟೇಬಲಿಗೆ ಒಂದೇ ಒಂದು ಬಂಗುಡೆ ತವಾ ಫ್ರೈ ಹೇಳಿ. ಬಂದ ಕೂಡಲೇ ಬಾಯಿಗೆ ಹಾಕಬೇಡಿ. ಬೆನ್ನಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ಬಿಡಿಸಿ. ತಾಜಾ ಮೀನಿನ ಮಾಂಸ ಎಸಳು ಎಸಳಾಗಿ ಏಳುತ್ತದೆ, ಮುಳ್ಳಿನಿಂದ ಸಲೀಸಾಗಿ ಬಿಡುತ್ತದೆ. ಹಳೆಯದಾದರೆ ಬೆರಳಿಗೆ ಮೆತ್ತಿಕೊಳ್ಳುತ್ತದೆ, ಎಸಳೇ ಕಾಣೋದಿಲ್ಲ. ಮಸಾಲೆ ಎಷ್ಟೇ ಘಮ್ ಅಂದರೂ ಇದನ್ನು ಮುಚ್ಚಿಡೋಕಾಗಲ್ಲ. ಪರೀಕ್ಷೆಯಲ್ಲಿ ಪಾಸಾದರೆ ಉಳಿದದ್ದು ಆರ್ಡರ್ ಮಾಡಿ. ಫೇಲಾದರೆ ಅನ್ನಕ್ಕೆ ಸಾರು ಹಾಕಿಕೊಂಡು ಉಂಡು ಎದ್ದು ಬನ್ನಿ, ಹೋದದ್ದು ಒಂದು ಮೀನಿನ ದುಡ್ಡು ಮಾತ್ರ.

ಬಣ್ಣವನ್ನೂ ನೋಡಿ. ಬ್ಯಾಡಗಿ ಮೆಣಸಿನಕಾಯಿ ಅರೆದ ಮಸಾಲೆ ಕಾದ ಮೇಲೆ ಕಂದು ಕೆಂಪಾಗುತ್ತದೆ, ಅಂಚಿನಲ್ಲಿ ಸ್ವಲ್ಪ ಕಪ್ಪಾಗುತ್ತದೆ. ಟ್ರಾಫಿಕ್ ಲೈಟಿನ ಹಾಗೆ ಹೊಳೆಯುವ ಕೆಂಪು ಮೆಣಸಿನಕಾಯಿಯದ್ದಲ್ಲ. ಮೀನು, ಕೋಳಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧಿಸಿದೆ. ತಿಂದ ಮೇಲೆ ಕೈ ತೊಳೆದರೂ ಉಗುರು ಕೆಂಪಗೇ ಇದ್ದರೆ ಮರುದಿನ ಆ ಕಡೆ ಹೋಗಬೇಡಿ.

ಬಿಲ್ಲಿನ ಜಗಳ ತಪ್ಪಿಸೋದು ಸುಲಭ. ಮೆನುವಿನಲ್ಲಿ ಕೆಲವು ಮೀನಿನ ಮುಂದೆ ರೇಟಿನ ಬದಲು "ಎಪಿಎಸ್" ಅಂತ ಬರೆದಿರುತ್ತಾರೆ. ಗಾತ್ರ ನೋಡಿ ಬೆಲೆ ಅಂತ ಅರ್ಥ. ಹಸಿ ಮೀನು ತಂದು ತೋರಿಸಿ ಅನ್ನಿ, ರೇಟು ಕೇಳಿ, ಒಪ್ಪಿಗೆಯಾದರೆ ಮಾತ್ರ ಒಲೆಗೆ ಹೋಗಲಿ. ತೋರಿಸುವಾಗ ಕಿವಿರು ಎತ್ತಿ ನೋಡಿ. ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೀತಿರಬೇಕು, ಒಳಗೆ ಹೋಗಿ ಮಂಜಾಗಿರಬಾರದು. ಸಿಗಡಿಯ ತಲೆ ಕಪ್ಪಾಗಿದ್ದರೆ ಬೇಡ. ಮಸಾಲೆ ಬಳಿದೇ ತಟ್ಟೆಯಲ್ಲಿ ತಂದು ತೋರಿಸಿದರೆ ನೋಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಈಗ ಸ್ವಲ್ಪ ಗಂಭೀರ ವಿಷಯ. ಮಗು ಜೊತೆಗಿದೆ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ಕೆಲಸದ ಮೇಲೆ ಒಂದು ಊರಿಗೆ ಹೋಗಿದ್ದಾಗ, ಹೋಟೆಲೊಂದರಲ್ಲಿ ಸಂಜೆ ಬಂಗುಡೆ ತಿಂದೆ. ಎರಡನೇ ತುತ್ತಿಗೆ ನಾಲಿಗೆ ಚುರುಚುರು ಅಂತು, ಕಾಳುಮೆಣಸು ಜಗಿದ ಹಾಗೆ. ಮಸಾಲೆ ಖಾರ ಇರಬೇಕು ಅಂತ ಸುಮ್ನೆ ತಿಂದು ಮುಗಿಸಿದೆ. ಅರ್ಧ ಗಂಟೆಯಲ್ಲಿ ಮುಖ, ಕತ್ತು ಕೆಂಪಗಾಗಿ, ತಲೆ ಸಿಡಿಯೋಕೆ ಶುರು. ಮೀನಿನ ಕೆಲಸ ಮಾಡುವವನಿಗೇ ಮೀನು ಅಲರ್ಜಿಯಾ ಅಂತ ಹೆದರಿಬಿಟ್ಟೆ. ಡಾಕ್ಟರು ಅದು ಅಲರ್ಜಿಯಲ್ಲ, ಹಿಸ್ಟಮಿನ್ ಅನ್ನೋ ರಾಸಾಯನಿಕದ ಕೆಲಸ ಅಂದರು. ಬಂಗುಡೆ, ಬೂತಾಯಿ, ಕೇದರ್ (ಟ್ಯೂನಾ) ಥರದ ಮೀನುಗಳನ್ನು ಐಸ್ ಇಲ್ಲದೆ ಬಿಟ್ಟರೆ ಬ್ಯಾಕ್ಟೀರಿಯಾದಿಂದ ಅದು ಹುಟ್ಟಿಕೊಳ್ಳುತ್ತದೆ. ಒಮ್ಮೆ ಹುಟ್ಟಿದ ಮೇಲೆ ಬೇಯಿಸಿದರೂ ಹೋಗೋದಿಲ್ಲ, ಫ್ರೀಜರಿಗೆ ಹಾಕಿದರೂ ಹೋಗೋದಿಲ್ಲ. ಆದ್ದರಿಂದ ಬಾಯಿ ಚುರುಗುಟ್ಟಿದರೆ ಅಲ್ಲೇ ನಿಲ್ಲಿಸಿ, ದುಡ್ಡಿನ ಮುಖ ನೋಡಬೇಡಿ. ಮುಖ ಕೆಂಪಾದರೆ, ಮೈ ತುರಿಸಿದರೆ ಡಾಕ್ಟರ ಹತ್ತಿರ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ಒಂದು ನಿಮಿಷವೂ ಕಾಯಬೇಡಿ.

ಮಗನಿಗೆ ಇದುವರೆಗೆ ಏಡಿ, ಮರುವಾಯಿ ಕೊಟ್ಟಿಲ್ಲವಾದರೆ ಪ್ರವಾಸದಲ್ಲಿ ಶುರು ಮಾಡಬೇಡಿ. ಕಾಣೆ ಸಿಕ್ಕಿದರೆ ಅವನಿಗೆ ಅದೇ ಸರಿ, ನಡುವಿನ ಮುಳ್ಳು ಇಡಿಯಾಗಿ ಎದ್ದು ಬರುತ್ತದೆ. ಬೂತಾಯಿಯ ಸಣ್ಣ ಮುಳ್ಳು ಬಿಡಿಸಿ ಕೊಡುತ್ತಾ ಕೂತರೆ ನಿಮ್ಮ ಊಟ ತಣ್ಣಗಾಗುತ್ತದೆ. ಅಂದ ಹಾಗೆ, ಕುಂದಾಪುರದಲ್ಲಿ ಬೂತಾಯಿಗೆ ಬೈಗೆ ಅಂತಾರೆ, ಸಿಗಡಿಗೆ ಶೆಟ್ಲಿ. ಕಾರವಾರದ ಕಡೆ ಹೋದರೆ ಅದೇ ಬೂತಾಯಿ ತಾರ್ಲೆ, ಅಂಜಲ್ ಇಸ್ವಾಣ. ಹೆಸರು ಗೊತ್ತಾಗದೆ "ಬೂತಾಯಿ ಇಲ್ವಂತೆ" ಅಂತ ಎದ್ದು ಬಂದವರನ್ನು ನಾನು ನೋಡಿದ್ದೇನೆ.

ಇನ್ನು ಅತ್ತೆಯವರ ವಿಷಯ. ಮೀನಿನ ಹೋಟೆಲಿಗೇ ಕರೆದುಕೊಂಡು ಹೋಗಿ "ನಿಮಗೆ ಅನ್ನ ರಸಂ ಕೊಡ್ತಾರೆ ಅತ್ತೆ" ಅನ್ನಬೇಡಿ. ಆ ಅಡುಗೆಮನೆಯಲ್ಲಿ ಸೌಟು ಒಂದೇ, ತವಾ ಒಂದೇ. ಅವರು ಬಾಯಿಬಿಟ್ಟು ಹೇಳದೆ ಮೊಸರನ್ನ ತಿಂದು ಎದ್ದುಬಿಡುತ್ತಾರೆ. ಬೆಳಗಿನ ತಿಂಡಿ ಎಲ್ಲರೂ ಸಸ್ಯಾಹಾರಿ ಹೋಟೆಲಿನಲ್ಲಿ ಒಟ್ಟಿಗೆ ಮಾಡಿ. ಬನ್ಸ್, ಗೋಳಿಬಜೆ, ಸಜ್ಜಿಗೆ ಅವಲಕ್ಕಿ. ಆ ಹೊತ್ತಿಗೆ ಮೀನಿನ ಹೋಟೆಲುಗಳು ಇನ್ನೂ ಮಸಾಲೆ ಅರೆಯುತ್ತಿರುತ್ತವೆ, ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಅವರಿಗೆ ಸಸ್ಯಾಹಾರಿ ಊಟ ಮುಗಿಸಿ, ರೂಮಿಗೆ ಬಿಟ್ಟು ನೀವು ಮೂವರು ಹೊರಡಿ. ಒಂದು ದಿನ ಕೊಲ್ಲೂರಿಗೆ ಹೋಗುವುದಾದರೆ ದೇವಸ್ಥಾನದ ಪ್ರಸಾದದ ಊಟ ಇದ್ದೇ ಇದೆ. ಆನೆಗುಡ್ಡೆ ಇನ್ನೂ ಹತ್ತಿರ. ಆ ದಿನ ನಿಮಗೂ ಮೀನಿಗೂ ಬಿಡುವು.

ರಾತ್ರಿ? ರಾತ್ರಿ ಮೀನು ಬಿಟ್ಟುಬಿಡಿ. ಇದನ್ನು ಹೇಳಿದರೆ ಬೆಂಗಳೂರಿನ ಸ್ನೇಹಿತರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ, ಅಷ್ಟು ದೂರ ಹೋಗಿ ಕೋಳಿ ತಿನ್ನೋದಾ ಅಂತ. ಕುಂದಾಪುರದ ಕೋಳಿ ಅಂದರೆ ಸುಮ್ನೆ ಅಲ್ಲ. ಘೀ ರೋಸ್ಟ್‌ನ ತವರು ಅಂತ ಹೆಸರಾದದ್ದೇ ಅಲ್ಲಿನ ಶೆಟ್ಟಿ ಲಂಚ್ ಹೋಮ್. ನೀರುದೋಸೆಯ ಜೊತೆ ಕೋಳಿ ಸಾರು, ಇಲ್ಲವಾದರೆ ಕೋರಿ ರೊಟ್ಟಿ. ರಾತ್ರಿ ತೆರೆದಿರುವ ಎಷ್ಟೋ ಕಡೆ ಬಾರ್ ಕೂಡ ಇರುತ್ತದೆ. ಒಳಗೆ ಹೋಗುವ ಮೊದಲು "ಫ್ಯಾಮಿಲಿ ರೂಮ್ ಉಂಟಾ?" ಅಂತ ಕೇಳಿ. ಗದ್ದಲ ಕಡಿಮೆ ಇರುತ್ತದೆ, ಆದರೆ ಫ್ಯಾನ್ ತಿರುಗುತ್ತದೋ ಇಲ್ಲವೋ ನೋಡಿಕೊಂಡು ಕೂತುಕೊಳ್ಳಿ.

ದಸರಾ ರಜೆ ಅಂದಿರಿ, ಅದು ಒಳ್ಳೆ ಕಾಲವೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ, ಆಗ ನಾಡದೋಣಿಯವರು ತಂದಷ್ಟೇ ಮೀನು. ಅಕ್ಟೋಬರ್ ಹೊತ್ತಿಗೆ ಎಲ್ಲ ಬೋಟುಗಳೂ ಕಡಲಿಗಿಳಿದಿರುತ್ತವೆ. ಮಳೆ ಕಳೆದ ಮೇಲೆ ಬೂತಾಯಿಗೆ ಕೊಬ್ಬೂ ಏರುತ್ತದೆ, ತವಾದ ಮೇಲೆ ತನ್ನ ಎಣ್ಣೆಯಲ್ಲೇ ಬೇಯುತ್ತದೆ. ಕೆಲವು ವರ್ಷ ಅದು ಕೈಕೊಡುವುದೂ ಉಂಟು. ಒಂದೇ ತೊಡಕು, ನವರಾತ್ರಿ. ಆಗ ಮೀನು ಬಿಡುವ ಮನೆಗಳುಂಟು, ಬಾಗಿಲು ಹಾಕುವ ಸಣ್ಣ ಹೋಟೆಲುಗಳೂ ಉಂಟು. ಆಯುಧಪೂಜೆ, ವಿಜಯದಶಮಿಯ ದಿನ ತೆರೆದಿರುತ್ತದಾ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಕೈಲಾದರೆ ಹಬ್ಬ ಮುಗಿದ ಮೇಲಿನ ಮೂರು ದಿನ ಇಟ್ಟುಕೊಳ್ಳಿ.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಅಲ್ಲಿ ಫೋಟೋ ತೆಗೆಸಿಕೊಳ್ಳಿ, ಎಳನೀರು ಕುಡಿಯಿರಿ. ಕಡಲು ಕಾಣುವ ಟೇಬಲ್ ಬೇಕು ಅಂತ ಊಟಕ್ಕೆ ಮಾತ್ರ ಅಲ್ಲಲ್ಲೇ ಹುಡುಕಬೇಡಿ. ನಾನು ಕಂಡ ಒಳ್ಳೆ ಮೀನೂಟದ ಹೋಟೆಲುಗಳ ಕಿಟಕಿಯಿಂದ ಕಂಡದ್ದು ಬಸ್ ಸ್ಟ್ಯಾಂಡ್, ಮೀನು ಮಾರ್ಕೆಟ್, ಒಂದು ಸಲ ಸೈಕಲ್ ರಿಪೇರಿ ಅಂಗಡಿ.

ವಾಪಸ್ ಬರುವಾಗ ಒಣಮೀನು ತರುವ ಆಸೆ ಬಂದೇ ಬರುತ್ತದೆ. ಮೂರು ಸುತ್ತು ಪೇಪರ್, ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಡಬ್ಬಿ ಮನೆಯಿಂದಲೇ ತೆಗೆದುಕೊಂಡು ಹೋಗಿ, ಬ್ಯಾಗನ್ನು ಅತ್ತೆಯವರ ಬರ್ತ್ ಕೆಳಗೆ ಇಡಬೇಡಿ. ಒಮ್ಮೆ ನಾನು ಬರೀ ಪೇಪರಿನಲ್ಲಿ ಸುತ್ತಿ ತಂದಿದ್ದೆ. ಹಾಸನ ದಾಟುವಷ್ಟರಲ್ಲಿ ಎದುರಿನ ಬರ್ತಿನವರು ಎದ್ದು ಕೂತು, ಬೋಗಿಯಲ್ಲಿ ಇಲಿ ಸತ್ತಿದೆ ಅಂತ ಟಿಟಿಇಗೆ ದೂರು ಕೊಟ್ಟಿದ್ದರು. ನಾನೂ ಅವರ ಜೊತೆ ಸೇರಿ ಸೀಟಿನ ಕೆಳಗೆಲ್ಲ ಹುಡುಕಿದೆ.